ಗ್ರಹ ಮಾಡುವ ಮುನಾಫ್
ಶಿಕಾರಿಪುರದಲ್ಲಿ ಅಂಗಡಿ ಬೋರ್ಡು ಬರೆಯುವ ಮುನಾಫನಷ್ಟು ಯುದ್ಧದಾಟದ ಹುಚ್ಚಿನವನೂ ಇಲ್ಲ, ಅವನಷ್ಟು ಪುಕ್ಕಲನೂ ಇಲ್ಲ. ಹಳೆಯ ಪೇಪರು ನೆನೆಸಿ, ಮೆಂತ್ಯದೊಡನೆ ರುಬ್ಬಿ, ಬೋರಲು ಹಾಕಿದ ಬಾಣಲೆಗೆ ಮೆತ್ತಿದನೆಂದರೆ ಒಂದು ಗ್ರಹ. ಹಸಿಯಿರುವಾಗಲೇ ಹೆಬ್ಬೆರಳಲ್ಲಿ ಒತ್ತಿದ್ದು ಕುಳಿ, ಚಿವುಟಿ ಎತ್ತಿದ್ದು ಬೆಟ್ಟ. ಒಣಗಿದ ಮೇಲೆ ಬಣ್ಣ ಬಳಿದು ಮೇಜಿನ ಮೇಲಿಟ್ಟರೆ ಅದೇ ರಣರಂಗ. ಹುಣಸೆಬೀಜದ ದಂಡು ಅವನದು, ಗುಲಗಂಜಿಯ ದಂಡು ಗೆಳೆಯ ಪರಮಶಿವಪ್ಪನದು, ಕವಡೆ ಬಿದ್ದಂತೆ ಕಾಳಗ. “ನಮ್ಮೂರ ಗುಡ್ಡನೇ ಮಾಡಬಾರ್ದೇನೋ?” ಎಂದು ಪರಮಶಿವಪ್ಪ ಕೇಳಿದರೆ, “ಬ್ಯಾಡಣ್ಣಾ, ನೆಲ ಅಂದ್ರೆ ಯಾವ ದೇಶದ್ದು ಅಂತಾರೆ. ಮಂಗಳ, ಶುಕ್ರ ಆದ್ರೆ ಯಾರ ತಂಟೆನೂ ಇಲ್ಲ” ಎನ್ನುವನು. ಕೆಂಪು, ಹಳದಿ, ನೀಲಿ ಎಲ್ಲ ಬಳಿಯುವನು. ಹಸಿರು ಡಬ್ಬಿಯ ಮುಚ್ಚಳ ಮಾತ್ರ ತೆಗೆಯನು. ಬೀದಿಯಲ್ಲಿ ಪೊಲೀಸಿನವರ ಸೈಕಲ್ ಕಂಡರೆ ಸಾಕು, ಮಂಗಳಗ್ರಹ ಮಂಚದ ಕೆಳಗೆ. ಮೊದಲು ಹೀಗಿರಲಿಲ್ಲ. ಎಪ್ಪತ್ತೊಂದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಚಹಾದಂಗಡಿಯಲ್ಲಿ ಯಾರೋ ನಗುತ್ತಲೇ, “ಏನ್ ಸಾಬ್ರೇ, ನಿಮ್ಮೋರು ಗೆಲ್ತಾರಂತಾ?” ಎಂದು ಕೇಳಿದ್ದರು. ಹುಟ್ಟಿ ಬೆಳೆದ ಊರಲ್ಲಿ ಆ ಮಾತು ಕಿವಿಗೆ ಬಿದ್ದ ಮೇಲೆ ಮುನಾಫ್ ಒಂದು ಆಟವನ್ನೂ ಗೆದ್ದಿಲ್ಲ. ಬರೀ ಗೆದ್ದು ಗೆದ್ದು ಬೇಸತ್ತ ಪರಮಶಿವಪ್ಪ ಮೊನ್ನೆ ಎದ್ದು ಬಾಗಿಲಿಗೆ ಅಗಳಿ ಹಾಕಿ, “ಈಗ ಯಾರೂ ನೋಡಲ್ಲ, ಗೆಲ್ಲೋ ಮಾರಾಯ” ಎಂದ. “ತೆಗೀರಣ್ಣಾ, ಬಾಗಿಲು ಹಾಕ್ಕೊಂಡು ಒಳಗೇನ್ ನಡೆಸ್ತಿದಾರೆ ಅಂತಾರೆ!” ಎನ್ನುತ್ತ ಮುನಾಫ್ ತಾನೇ ಓಡಿ ಎರಡೂ ಕದ ತೆರೆದು, ಗೆಲ್ಲಲಿದ್ದ ಬೀಜವನ್ನು ಹಿಂದಕ್ಕೆ ಸರಿಸಿ, ಬೀದಿಗೆಲ್ಲ ಕೇಳುವಂತೆ, “ಸೋತೆ ಕಣಣ್ಣಾ!” ಎಂದು ಕೂಗಿದ.