ಮಣ್ಣಿನಡಿಯ ಸದ್ದಿಗೆ ಕಿವಿಗೊಟ್ಟ ಜಿಯಾ ಸಾಬರು

ಜಾವಳಿಯ ಈ ತೋಟದಲ್ಲಿ ಇನ್ನೂ ಎದುರಿನವರ ಮುಖ ಕಾಣುವಷ್ಟು ಬೆಳಕಾಗಿಲ್ಲ. ಕಾವಳ ಕಾಫಿ ಗಿಡಗಳ ಮೇಲಿಂದ ಇಳಿದು ಬೋರ್‌ವೆಲ್ ಲಾರಿಯ ಚಕ್ರಗಳನ್ನು ಮುಚ್ಚಿದೆ. ಅದರೊಳಗಿಂದ ಒಂದು ಸದ್ದು ಬರುತ್ತದೆ. ಠಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಠಣ್. ಹತ್ತಿರ ಹೋದರೆ, ತಲೆಗೆ ಮಫ್ಲರ್ ಸುತ್ತಿಕೊಂಡ ಐವತ್ತೆರಡರ ಮನುಷ್ಯರೊಬ್ಬರು, ಸಾಲಾಗಿ ಮಲಗಿಸಿದ ಕಬ್ಬಿಣದ ರಾಡುಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ಬಡಿದು, ಬಲಗಿವಿ ಆನಿಸಿ ಕೇಳುತ್ತಾರೆ. ಇಪ್ಪತ್ತೇಳನೆಯದರ ಬಳಿ ಅವರ ಕೈ ನಿಲ್ಲುತ್ತದೆ.

"ಇದ್ರ ಗಂಟ್ಲು ಕಟ್ಟಿದೆ, ಕೇಳಿ. ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿರತ್ತೆ. ಕಣ್ಣಿಗೆ ಸಿಗಲ್ಲ," ಎನ್ನುತ್ತಾರೆ ಜಿಯಾಉದ್ದೀನ್. ಸುಣ್ಣದಲ್ಲಿ ಗೀಟೆಳೆದು ಆ ರಾಡನ್ನು ಪಕ್ಕಕ್ಕೆ ಉರುಳಿಸುತ್ತಾರೆ. ನನ್ನ ಕಿವಿಗೆ ಅದೂ ಉಳಿದವುಗಳಂತೆಯೇ ಕೇಳಿತ್ತು.

ಕಾಫಿಗೆ ಹೂ ತರಿಸುವ ಹೂಮಳೆ ಕೈಕೊಟ್ಟ ವರ್ಷಗಳಿಂದ ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ಬೋರ್ ಕೊರೆಸುವುದು ಹೆಚ್ಚಿದೆ. ನೀರು ಚಿಮ್ಮಿದಾಗ ತೋಟದವರು ಜಾಗ ತೋರಿಸಿದವನಿಗೆ ಶಾಲು ಹೊದೆಸುತ್ತಾರೆ. ರಾಡುಗಳನ್ನು ಕಾಯುವ ಜಿಯಾ ಸಾಬರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಭೂಮಿಯೊಳಗೆ ಇಳಿಯುವುದು ಅವರು ಒಪ್ಪಿದ ಕಬ್ಬಿಣ ಮಾತ್ರ. ಹತ್ತಡಿ ಉದ್ದದ ಟೊಳ್ಳು ರಾಡುಗಳು ಒಂದರ ತುದಿಗೆ ಇನ್ನೊಂದು ತಿರುಪಿಕೊಂಡು ಇಳಿಯುತ್ತವೆ. ಎಲ್ಲಕ್ಕಿಂತ ಕೆಳಗೆ ಬಂಡೆ ಪುಡಿಮಾಡುವ ಹ್ಯಾಮರ್ ಮತ್ತು ಬಿಟ್. ಕಂಪ್ರೆಸರಿನ ಗಾಳಿ ರಾಡಿನ ಟೊಳ್ಳಿನೊಳಗೆ ಹೋಗಿ ಕಲ್ಲಿನ ಹುಡಿಯನ್ನು ಮೇಲಕ್ಕೆ ಉಗುಳುತ್ತದೆ. ನಡುವೆ ಒಂದು ಮುರಿದರೆ ಅದರ ಕೆಳಗಿನದೆಲ್ಲ ನೆಲದ ಪಾಲು.

ಮೂವತ್ತಾರು ರಾಡು, ಎಪ್ಪತ್ತೆರಡು ತುದಿ. ದಿನವೂ ಪ್ರತಿ ತುದಿಯ ಥ್ರೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರೀಸು ಬಳಿಯಬೇಕು. ಮೆತ್ತನೆ ಕಲ್ಲಾದರೆ ದಿನಕ್ಕೆ ಇನ್ನೂರಡಿ ಕೊರೆತ, ಕರಿಕಲ್ಲಾದರೆ ಅರವತ್ತು. ಮೂಡಿಗೆರೆಯ ಗ್ಯಾರೇಜಿನಲ್ಲಿ ಜೀಪಿಗೆ ವೆಲ್ಡಿಂಗ್ ಮಾಡುತ್ತಿದ್ದ ಜಿಯಾ, ಎಪ್ಪತ್ನಾಲ್ಕರಲ್ಲಿ ಬೋರ್ ಕೊರೆಯುವ ರಿಗ್ಗಿನ ಕೆಲಸಕ್ಕೆ ಸೇರಿದರು. ಹನ್ನೆರಡು ವರ್ಷದಲ್ಲಿ ಕಂಪ್ರೆಸರಿನ ಅಬ್ಬರ ಅವರ ಎಡಗಿವಿಯನ್ನು ತಿಂದುಹಾಕಿದೆ. "ಮನೇಲಿ ಹೊಸ ಪಾತ್ರೆ ತಂದ್ರೂ ಬಡಿದು ನೋಡ್ತಾರೆ. ನಾನು ಕರೆದ್ರೆ ಮಾತ್ರ ಕೇಳಲ್ಲ," ಎಂದು ಅವರ ಹೆಂಡತಿ ಹಮೀದುನ್ನೀಸಾ ನಗುತ್ತಾರೆ.

ಎಂಬತ್ತಮೂರರ ಏಪ್ರಿಲ್ ವಿಷಯ ಎತ್ತಿದರೆ ಅವರ ನಗು ನಿಲ್ಲುತ್ತದೆ.

ಆಗ ರಿಗ್ಗು ಬಾಳೂರಿನ ಹತ್ತಿರ, ಸೋಮಶೇಖರಪ್ಪನವರ ಎಸ್ಟೇಟಿನಲ್ಲಿತ್ತು. ಬೋರಿನ ಜಾಗದಿಂದ ಕೂಗಳತೆಯಲ್ಲಿದ್ದ ಹಳೆಯ ಬಾವಿಯನ್ನು ಆಳ ಮಾಡಲು ತಿಮ್ಮಪ್ಪ, ಶಂಕರ ಎಂಬ ಇಬ್ಬರು ಆಳುಗಳು ಇಳಿದಿದ್ದರು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಾವಿಯ ಒಂದು ಮಗ್ಗುಲು ಕುಸಿಯಿತು. ಇಬ್ಬರ ಮೇಲೂ ಹದಿನೆಂಟು ಅಡಿ ಮಣ್ಣು ಬಿತ್ತು. ಜನ ಸೇರಿದರು, ಹೆಸರು ಹಿಡಿದು ಕೂಗಿದರು. ಕೆಳಗಿಂದ ಉಸಿರಿಲ್ಲ. ಮಣ್ಣು ಇನ್ನೂ ಜರಿಯುತ್ತಿದ್ದುದರಿಂದ ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ. "ಚಿಕ್ಕಮಗಳೂರಿಂದ ಫೈರ್ ಎಂಜಿನ್ ಬರ್ಲಿ. ಇನ್ನೆರಡು ಜೀವ ಹೋದ್ರೆ ಏನು ಮಾಡೋದು?" ಎಂದರು ಸೋಮಶೇಖರಪ್ಪ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಜಿಯಾ ಸಾಬರು ಒಂದು ರಾಡಿನ ತುದಿಗೆ, ಟೊಳ್ಳಿನೊಳಗೆ ಮಣ್ಣು ಹೊಗದಂತೆ, ಮರದ ಬೆಣೆ ಜಡಿದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿದರು. ಜೊತೆಗೆ ಇಳಿದವರು ರಿಗ್ ಆಪರೇಟರ್ ನಾಗೇಶ. ಯಂತ್ರ ಹಚ್ಚಿದರೆ ಅದರ ನಡುಕಕ್ಕೆ ಉಳಿದ ಮಗ್ಗುಲೂ ಬೀಳುತ್ತಿತ್ತು. ಹಾಗಾಗಿ ಇಬ್ಬರೂ ಪೈಪ್ ರೆಂಚು ಹಾಕಿ, ರಾಡನ್ನು ಕೈಯಲ್ಲೇ ತಿರುಗಿಸುತ್ತ ಸಡಿಲು ಮಣ್ಣಿನೊಳಗೆ ಒತ್ತಿದರು. ಮೊದಲನೆಯದು ಮುಳುಗಿದ ಮೇಲೆ ಎರಡನೆಯದನ್ನು ಜೋಡಿಸಿದರು. ಹದಿನಾರಡಿಗೆ ಏನೋ ತಡೆಯಿತು. ಜಿಯಾ ಸಾಬರು ರಾಡಿಗೆ ಬಲಗಿವಿ ಹಚ್ಚಿದರು.

"ಮೊದಲು ನನ್ನ ರಕ್ತದ ಸದ್ದೇ ಕೇಳ್ತಿದೆ ಅಂದ್ಕೊಂಡೆ. ಆಮೇಲೆ ಬಂತು. ಟಕ್, ಟಕ್, ಟಕ್. ಮೂರು. ನಾನು ಸುತ್ತಿಗೆಲಿ ಮೂರು ಕೊಟ್ಟೆ. ಮೂರು ಬಂತು. ಎರಡು ಕೊಟ್ಟೆ, ಎರಡೇ ಬಂತು. 'ನಾಗೇಶ, ಜೀವ ಇದೆ ಮಾರಾಯಾ!' ಅಂತ ಕೂಗಿದೆ."

ಆ ಕೂಗಿಗೆ ಮೇಲೆ ನಿಂತವರು ಕೆಲಸಕ್ಕೆ ಧುಮುಕಿದರು. ತೋಟದ ಆಳುಗಳು ಹಲಗೆ, ಅಡಿಕೆ ದಬ್ಬೆ ತಂದು ಬಾವಿಯ ಮಗ್ಗುಲಿಗೆ ಆನಿಸಿ, ಬುಟ್ಟಿಯಲ್ಲಿ ಮಣ್ಣು ಎಳೆಯತೊಡಗಿದರು. ಸಾಬರು ಉದ್ದನೆಯ ಸರಳಿನಿಂದ ಬೆಣೆಯನ್ನು ತಳ್ಳಿ ತೆಗೆದರು. ರಾಡಿನ ಬಾಯಿಂದ ತಣ್ಣನೆಯ ಗಾಳಿಯೊಂದು ಎದ್ದು ಅವರ ಮುಖಕ್ಕೆ ತಾಗಿತು. ಅದರ ಹಿಂದೆಯೇ, ಎರಡಂಗುಲದ ಕಬ್ಬಿಣದ ಕೊಳವೆಯಿಂದ ಮನುಷ್ಯನ ದನಿ: "ನೀರು."

"ಹತ್ತಿರದಲ್ಲೇ ಕೂತು ಹೇಳಿದ ಹಾಗಿತ್ತು. ಆದ್ರೆ ಯಾರ ದನಿ ಅಂತ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ನಾಗೇಶ. ರಾಡಿನ ಮೂಲಕ ಗಾಳಿಯನ್ನೂ ನೀರನ್ನೂ ಕೆಳಗೆ ಬಿಟ್ಟರು. ಏಳು ಗಂಟೆ ಅಗೆದರು. ಆ ಏಳೂ ಗಂಟೆ ಜಿಯಾ ಸಾಬರು ಅಲ್ಲೇ ಕೂತು ಬಡಿಯುತ್ತಿದ್ದರು. ಇವರು ಎಷ್ಟು ಬಡಿದರೆ ಕೆಳಗಿಂದ ಅಷ್ಟೇ ಬರುತ್ತಿತ್ತು. ಸಂಜೆ ಐದರ ಹೊತ್ತಿಗೆ ಮಣ್ಣಿನಲ್ಲಿ ತಿಮ್ಮಪ್ಪನ ಹಣೆ ಕಂಡಿತು. ಕೆಳಗಿನ ಬಡಿತ ನಿಂತಿತು. ಸಾಬರನ್ನು ಹಗ್ಗದಲ್ಲಿ ಮೇಲೆಳೆದುಕೊಂಡರು.

ಬಂಡೆಯ ಚಾಚಿನಡಿ ಸಿಕ್ಕಿದ್ದರಿಂದ ತಿಮ್ಮಪ್ಪನ ಮುಖದ ಮುಂದೆ ಒಂದಿಷ್ಟು ಜಾಗ ಉಳಿದಿತ್ತು. ಎರಡೂ ಕೈಗಳು ಎದೆಗೆ ಅಂಟಿದಂತೆ ಮಣ್ಣಿನಲ್ಲಿ ಹೂತಿದ್ದವು. ಅವನ್ನು ಬಿಡಿಸಲು ಮತ್ತೆ ಅರ್ಧ ಗಂಟೆ ಬೇಕಾಯಿತು. ಎರಡು ಮಾರು ಆಚೆ ಶಂಕರ ಸಿಕ್ಕ. ರಾಡಿನ ತುದಿ ಅವನ ಬಲಗೈಯ ಪಕ್ಕದಲ್ಲೇ ಇತ್ತು. ಮುಷ್ಟಿಯಲ್ಲಿ ಒಂದು ಕಲ್ಲು. ತಲೆಗೆ ಬಂಡೆ ಬಿದ್ದಿತ್ತು. ಮಣ್ಣು ಕುಸಿದಾಗಲೇ ಪ್ರಾಣ ಹೋಗಿದೆ ಎಂದರು ದೇಹ ನೋಡಿದ ಡಾಕ್ಟರು.

ಆಸ್ಪತ್ರೆಯಲ್ಲಿ ಜಿಯಾ ಸಾಬರು ತಿಮ್ಮಪ್ಪನ ಮಂಚದ ಬಳಿ ಹೋಗಿ, "ಒಳ್ಳೆ ಬಡಿದೆ ಮಾರಾಯಾ, ಅದ್ರಿಂದ್ಲೇ ಬದುಕಿದೆ," ಎಂದರು.

ತಿಮ್ಮಪ್ಪ ಅವರನ್ನೇ ನೋಡಿದ. "ನಾನೆಲ್ಲಿ ಬಡಿದೆ ಸಾಬ್ರೇ? ನನ್ನ ಕೈ ಅಲ್ಲಾಡ್ತಿರ್ಲಿಲ್ಲ. ಶಂಕರ ಬಡೀತಿದ್ನಲ್ಲ, ನಂಗೂ ಕೇಳ್ತಿತ್ತು. ಎಷ್ಟು ಕರೆದ್ರೂ ಮಾತೇ ಆಡ್ಲಿಲ್ಲ. ಸಿಟ್ಟಾಗಿದಾನೆ ಅಂದ್ಕೊಂಡೆ."

ಈ ಮಾತನ್ನು ನಾನು ಜಾವಳಿಯ ರಿಗ್ಗಿನ ಪಕ್ಕದಲ್ಲಿ ಸಾಬರ ಬಾಯಿಂದ ಕೇಳಿದೆ. ಅನಂತರ ಬಾಳೂರಿಗೆ ಹೋಗಿ ತಿಮ್ಮಪ್ಪನ ಬಾಯಿಂದಲೂ ಕೇಳಿದೆ. ಇಬ್ಬರೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದರು. ಜರಿದ ಕಲ್ಲುಗಳು ಕೂರುವಾಗ ಬಂದ ಸದ್ದು ಅದು ಎಂದು ಸೋಮಶೇಖರಪ್ಪನವರು ಈಗಲೂ ನಂಬುತ್ತಾರೆ. ಡಾಕ್ಟರ ಅಂದಾಜು ತಪ್ಪಿರಲೂಬಹುದು. ಜಿಯಾ ಸಾಬರನ್ನು ಕೇಳಿದೆ. ಅವರು ಗ್ರೀಸಿನ ಕೈ ಒರೆಸಿಕೊಂಡರು.

"ಕಲ್ಲಿಗೆ ಎಣಿಸೋಕೆ ಬರತ್ತಾ? ನಾನು ಎರಡು ಕೊಟ್ರೆ ಎರಡು, ಐದು ಕೊಟ್ರೆ ಐದು. ನಂಗೆ ಗೊತ್ತಿರೋದು ಅಷ್ಟೇ. ಅದ್ರ ಮೇಲೆ ಏನೂ ಹೇಳಲ್ಲ."

ಅಂದಿನಿಂದ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಹೊಸ ರಾಡು ಜೋಡಿಸುವ ಮುನ್ನ ಕಂಪ್ರೆಸರ್ ನಿಲ್ಲಿಸಿ, ಇಳಿದಿರುವ ರಾಡಿಗೆ ಒಂದು ನಿಮಿಷ ಕಿವಿ ಆನಿಸುತ್ತಾರೆ. ಆಗ ನಾಗೇಶರ ಟ್ರಾನ್ಸಿಸ್ಟರೂ ಬಾಯಿ ಮುಚ್ಚಬೇಕು. ಮತ್ತೆ ಎಂದಾದರೂ ಸದ್ದು ಬಂತೇ? ಒಮ್ಮೆ, ಕಳಸದ ಆಚೆ ಒಂದು ಗುಡ್ಡದಲ್ಲಿ, ತೊಂಬತ್ತಡಿಯ ಗಟ್ಟಿ ಬಂಡೆಯೊಳಗೆ. ಬಾವಿಯಿಲ್ಲ, ಮನುಷ್ಯರು ಇಳಿದ ಜಾಗವೇ ಅಲ್ಲ. ಸಾಬರು ಒಂಬತ್ತೂ ರಾಡುಗಳನ್ನು ಮೇಲೆತ್ತಿಸಿ, ಐವತ್ತು ಗಜ ಆಚೆ ಹೊಸದಾಗಿ ಕೊರೆಸಿದರು. ತೋಟದವರು ರೇಗಿದರು. "ರೇಗ್ಲಿ. ಅಲ್ಲಿ ನಾನು ವಾಪಸ್ ಬಡೀಲಿಲ್ಲ," ಎನ್ನುತ್ತಾರೆ.

ಶಂಕರ ಸತ್ತು ತಿಂಗಳಾದ ಮೇಲೆ ಅವನ ಹೆಂಡತಿ ಕೃಷ್ಣಮ್ಮ ಬಸ್ಸು ಹತ್ತಿ ಮೂಡಿಗೆರೆಗೆ, ಸಾಬರ ಮನೆಗೆ ಬಂದಿದ್ದರು. ಹಮೀದುನ್ನೀಸಾ ಕೊಟ್ಟ ಚಾ ಮುಟ್ಟದೆ ಒಂದೇ ಒಂದು ಪ್ರಶ್ನೆ ಕೇಳಿದರಂತೆ: "ಅವ್ರು ಎಲ್ಲಿ ತನಕ ಬಡೀತಿದ್ರು?"

"ತಿಮ್ಮಪ್ಪನ ಮುಖ ಕಾಣೋ ತನಕ ಅಮ್ಮಾ. ಆಮೇಲೆ ನಿಂತೋಯ್ತು."

ಕೃಷ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಆಮೇಲೆ, "ಹಂಗಾದ್ರೆ ತಿಮ್ಮಪ್ಪನ್ನ ಕಳ್ಸಿಕೊಟ್ಟೇ ಹೋದ್ರು ಅನ್ನಿ," ಎಂದು ಹೇಳಿ, ಆರಿದ ಚಾ ಕುಡಿದು ಎದ್ದರು.

ಜಾವಳಿಯಲ್ಲಿ ಬಿಸಿಲು ಏರಿದೆ. ಇದು ಮೂರನೇ ದಿನದ ಕೊರೆತ, ಇನ್ನೂರ ಹತ್ತಡಿಗೂ ನೀರಿಲ್ಲ. ತೋಟದವರು ಬೇಸರದಿಂದ ಮನೆಯ ಕಡೆ ನಡೆದಿದ್ದಾರೆ, ನಾಗೇಶ ಲಾರಿ ಹೊರಡಿಸುವ ಆತುರದಲ್ಲಿದ್ದಾರೆ. ಜಿಯಾ ಸಾಬರು ಮಾತ್ರ ದಪ್ಪ ತಗಡೊಂದನ್ನು ಬೋರಿನ ಬಾಯಿಗೆ ಅಳತೆ ಮಾಡಿ, ಕತ್ತರಿಸಿ, ಕೇಸಿಂಗ್ ಪೈಪಿಗೆ ಸುತ್ತಲೂ ವೆಲ್ಡ್ ಮಾಡುತ್ತಿದ್ದಾರೆ. ಇದು ಅವರ ಕೆಲಸವೆಂದು ಯಾರೂ ಹೇಳಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತಲೆಯೆತ್ತದೆ ಉತ್ತರಿಸುತ್ತಾರೆ:

"ನೀರು ಬಂದ ಬೋರಿಗೆ ಪೂಜೆ ಮಾಡ್ತಾರೆ. ಬಾರದ್ದರ ಬಾಯಿ ತೆರೆದಿಟ್ಟು ಹೋಗ್ತಾರೆ. ಹಾಗೆ ಹೋಗ್ಬೇಡಿ ಅಂತ ನಿಮ್ಮ ಪೇಪರಲ್ಲಿ ಬರೀರಿ, ಸಾಕು. ನಾನು ಇಷ್ಟು ವರ್ಷದಲ್ಲಿ ಮುಚ್ಚದೆ ಒಂದನ್ನೂ ಬಿಟ್ಟು ಬಂದಿಲ್ಲ."