ಐದು ಸೆಂಟಿಮೀಟರಿನ ನಿಯಮ

ಮೂರು ವರ್ಷಗಳ ಹಿಂದಿನ ಮಾತು. ಟೋಕಿಯೊದ ಕೋಟೋದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಮೈಸೂರು ಬಿಟ್ಟು ಜಪಾನಿಗೆ ಬಂದು ಆಗ ಒಂಬತ್ತನೇ ವರ್ಷ, ವಯಸ್ಸು ನಲವತ್ತೇಳು, ಮನೆ ಎದೋಗಾವಾ ನದಿಯಾಚೆಯ ಇಚಿಕಾವಾದಲ್ಲಿ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅದು. ಆಗದೇ ಇರುವುದನ್ನೆಲ್ಲ ಆಗಿಬಿಟ್ಟರೆ ಏನು ಗತಿ ಎಂದು ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಯೋಚಿಸಿದ್ದನ್ನು ಬರೆದಿಡುವ ಪಟ್ಟಿಗೆ ರಿಸ್ಕ್ ರಿಜಿಸ್ಟರ್ ಎಂದು ಹೆಸರು. ನನ್ನದರಲ್ಲಿ ನೂರ ಮೂವತ್ತೇಳು ಸಾಲುಗಳಿದ್ದವು. ಸರ್ವರ್ ಕೋಣೆಗೆ ಇಲಿ ನುಗ್ಗುವುದೂ ಅದರಲ್ಲಿತ್ತು. ನಮ್ಮ ಸರ್ವರುಗಳಿಗೆ ಕೋಣೆಯೇ ಇರಲಿಲ್ಲ, ಎಲ್ಲ ಕ್ಲೌಡ್‌ನಲ್ಲಿದ್ದವು. ಆದರೂ ಇರಲಿ ಎಂದು ಬಿಟ್ಟಿದ್ದೆ.

ನಮ್ಮ ಗ್ರಾಹಕ ಸಂಸ್ಥೆ ಮನೆಮನೆಗೆ ವೈದ್ಯಕೀಯ ಆಮ್ಲಜನಕ ತಲುಪಿಸುವ ಕೆಲಸ ಮಾಡುತ್ತಿತ್ತು. ಶ್ವಾಸಕೋಶ ಸೋತವರ ಮನೆಯಲ್ಲಿ ಕಾನ್ಸನ್‌ಟ್ರೇಟರ್ ಎಂಬ ಯಂತ್ರವಿರುತ್ತದೆ. ಅದು ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುತ್ತದೆ. ಯಂತ್ರ ಕೆಟ್ಟರೆ ಅಥವಾ ಕರೆಂಟ್ ಹೋದರೆ ಇರಲಿ ಎಂದು ಪಕ್ಕದಲ್ಲಿ ಸಿಲಿಂಡರ್. ಯಾವ ಲಾರಿ ಯಾವ ಮನೆಗೆ ಯಾವಾಗ ಹೋಗಬೇಕು ಎಂದು ಚಾಲಕರ ಟ್ಯಾಬ್ಲೆಟ್‌ಗೆ ಹೇಳುವ ವ್ಯವಸ್ಥೆ ನಮ್ಮದು. ಡಿಪೋಗಳು ಮೂರು: ಟೋಕಿಯೊದ ಕೋಟೋ, ಪಶ್ಚಿಮದ ಬಂದರು ಕೋಬೆ, ಮತ್ತು ಜಪಾನ್ ಸಮುದ್ರದ ಕಡೆಯ ನಾಗಾವೊಕಾ. ಈ ಮೂರನೆಯದರಲ್ಲಿ ಚಳಿಗಾಲವೆಂದರೆ ಆಳೆತ್ತರದ ಹಿಮ.

ಹಿಮ ಬಿದ್ದರೆ ಏನು ಮಾಡಬೇಕು ಎಂದು ಮೇ ತಿಂಗಳ ಒಂದು ವಿಡಿಯೋ ಮೀಟಿಂಗಿನಲ್ಲಿ ತೀರ್ಮಾನಿಸಿದೆವು. ನಾನೇ ಸೂಚಿಸಿದೆ: ಡಿಪೋ ಇರುವ ಊರಿನ ಹವಾಮಾನ ಕೇಂದ್ರದಲ್ಲಿ ಐದು ಸೆಂಟಿಮೀಟರ್ ಹಿಮ ದಾಖಲಾದರೆ ಆ ಡಿಪೋದ ಎಲ್ಲ ಲಾರಿಗಳೂ ವಿತರಣೆ ನಿಲ್ಲಿಸಿ ವಾಪಸಾಗಬೇಕು. ಇಡೀ ದೇಶಕ್ಕೆ ಒಂದೇ ಅಂಕಿ. ವಿನಾಯಿತಿ ಎಂದರೆ ನನಗೆ ಎದೆ ಡವಗುಟ್ಟುತ್ತದೆ. ಹಿಮ ಎಂದರೆ ಹಿಮ ತಾನೇ? ಮೈಸೂರಿನವನಿಗೆ ಅದು ಫ್ರೀಜರಿನಲ್ಲಿ ಸಿಗುವ ವಸ್ತು. ಊರಿಂದೂರಿಗೆ ಬದಲಾಗುತ್ತದೆ ಎಂದು ಹೊಳೆಯಲೇ ಇಲ್ಲ.

ನಾಗಾವೊಕಾ ಡಿಪೋದ ಮುಖ್ಯಸ್ಥೆ ಹೊಶಿನೋ-ಸಾನ್, ಐವತ್ತೈದು ದಾಟಿದ ಮಿತಭಾಷಿ. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಲ್ಪ ಕಷ್ಟ ಆಗಬಹುದೇನೋ" ಎಂದರು. ಜಪಾನಿನಲ್ಲಿ ಒಂಬತ್ತು ವರ್ಷ ಕಳೆದವನಿಗೆ ಇದರ ಅರ್ಥ 'ಸಾಧ್ಯವೇ ಇಲ್ಲ' ಎಂದು ಗೊತ್ತಿರಬೇಕು. ನನಗೆ ಗೊತ್ತಿತ್ತು. ಆದರೆ ಮೀಟಿಂಗ್ ಮುಗಿಯಲು ನಾಲ್ಕು ನಿಮಿಷವಿತ್ತು. ಮಿನಿಟ್ಸ್‌ನಲ್ಲಿ 'ನಾಗಾವೊಕಾ: ಆಕ್ಷೇಪಣೆ ಇಲ್ಲ' ಎಂದು ಬರೆದು, ಎಲ್ಲರಿಗೂ ಕಳಿಸಿ, ಊಟಕ್ಕೆ ಹೋದೆ.

ಡಿಸೆಂಬರ್‌ನಲ್ಲಿ ವ್ಯವಸ್ಥೆ ಚಾಲೂ ಆಯಿತು. ನಾಗಾವೊಕಾದಿಂದ ಒಂದು ದೂರೂ ಬರಲಿಲ್ಲ. ಟಿವಿಯಲ್ಲಿ ಆ ಊರಿನ ಮನೆಗಳ ಮಾಡು ಕಾಣದಷ್ಟು ಹಿಮ. ನಮ್ಮ ಪರದೆಯ ಮೇಲೆ ನಾಗಾವೊಕಾ ಡಿಪೋ ಹಸಿರು, ಒಂದು ಲಾರಿಯೂ ನಿಂತಿಲ್ಲ. ದೂರು ಬಂದರೆ ಚಿಂತೆ, ಬಾರದಿದ್ದರೆ ಇನ್ನೂ ಚಿಂತೆ ಎನ್ನುವ ಜಾತಿಯವನು ನಾನು. ಆದರೂ ಈ ಒಂದು ವಿಷಯದಲ್ಲಿ, ಯಾಕೋ, ಚಿಂತಿಸಲಿಲ್ಲ.

ಜನವರಿಯ ಒಂದು ಸೋಮವಾರ. ಮಳೆ ಎಂದು ಮುನ್ಸೂಚನೆಯಿತ್ತು. ಹನ್ನೊಂದು ಗಂಟೆಗೆ ಮಳೆ ಬೆಳ್ಳಗಾಯಿತು. ಟೋಕಿಯೊದ ಹಿಮ ಒದ್ದೆ ಹಿಮ. ಬಿದ್ದಲ್ಲೇ ರಸ್ತೆಗೆ ಮೆತ್ತಿಕೊಂಡು, ಚಕ್ರ ಉರುಳಿದಂತೆಲ್ಲ ನುಣುಪಾಗುತ್ತದೆ. ಇಲ್ಲಿನ ಹೆಚ್ಚಿನ ವಾಹನಗಳಿಗೆ ಚಳಿಗಾಲದ ಟೈರ್ ಇರುವುದಿಲ್ಲ. ಚಕ್ರಕ್ಕೆ ಸುತ್ತುವ ಚೈನ್ ಸೀಟಿನ ಕೆಳಗಿನ ಡಬ್ಬದಲ್ಲಿರುತ್ತದೆ, ಅದನ್ನು ಹಾಕುವುದು ಹೇಗೆಂಬ ಕಾಗದದ ಸಮೇತ. ಹದಿನಾಲ್ಕನೇ ಮಹಡಿಯಿಂದ ನೋಡಿದರೆ ಕೊಡೆ ಹಿಡಿದ ಜನ ಪಾದವನ್ನು ಚಪ್ಪಟೆಯಾಗಿ ಊರುತ್ತ, ಬಾತುಕೋಳಿಗಳ ಹಾಗೆ ಸ್ಟೇಷನ್ ಕಡೆಗೆ ಹೋಗುತ್ತಿದ್ದರು.

ಹಿಮದ ದಿನ ಮೂರೂ ಡಿಪೋಗಳ ಮುಖ್ಯಸ್ಥರು ಒಂದೇ ವಿಡಿಯೋ ಕಾಲ್‌ನಲ್ಲಿ ಇಡೀ ದಿನ ಇರಬೇಕೆಂಬ ಪದ್ಧತಿ. ನಾನೂ ಇದ್ದೆ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಟೋಕಿಯೊ ಐದು ಸೆಂಟಿಮೀಟರ್ ಮುಟ್ಟಿತು. ಕೋಟೋದ ಹನ್ನೊಂದೂ ಲಾರಿಗಳ ಟ್ಯಾಬ್ಲೆಟ್ ಕೆಂಪಾಗಿ 'ಡಿಪೋಗೆ ಹಿಂತಿರುಗಿ' ಎಂದಿತು. ನನ್ನ ಜೀವಮಾನದಲ್ಲಿ ನಾನು ಬರೆಸಿದ್ದೊಂದು ಮೊದಲ ಸಲಕ್ಕೇ ಕೆಲಸ ಮಾಡಿತ್ತು. ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಐದು ನಿಮಿಷಕ್ಕೆ ಕೋಟೋ ಡಿಪೋದ ಮುಖ್ಯಸ್ಥ ನಿಶಿ-ಸಾನ್ ಮೈಕ್ ಆನ್ ಮಾಡಿದರು.

"ಸುಮಿಮಾಸೆನ್, ಕ್ಷಮಿಸಿ, ಪ್ರಸಾದ್-ಸಾನ್. ಇಚಿಕಾವಾದಲ್ಲಿ ಎಂಬತ್ತೊಂದು ವರ್ಷದ ಅಜ್ಜಿಯೊಬ್ಬರ ಯಂತ್ರ ಬೆಳಿಗ್ಗೆ ಕೆಟ್ಟಿದೆ. ಸಿಲಿಂಡರ್ ಮೇಲಿದ್ದಾರೆ. ಐದು ಗಂಟೆಯವರೆಗೆ ಬರಬಹುದು. ಹೊಸ ಯಂತ್ರ ನಮ್ಮ ಚಾಲಕ ಓಕಾ-ಸಾನ್ ಲಾರಿಯಲ್ಲಿದೆ. ಅವರು ಸೇತುವೆ ದಾಟಿ ಅಲ್ಲಿಗೆ ಮುಟ್ಟೇ ಬಿಟ್ಟಿದ್ದರು, ಇನ್ನು ಒಂದೂವರೆ ಕಿಲೋಮೀಟರ್. ನಿಮ್ಮ ಸಿಸ್ಟಮ್ ವಾಪಸ್ ಕರೀತು, ತಿರುಗಿಸಿಕೊಂಡರು."

"ಫೋನ್ ಮಾಡಿ ಮುಂದಕ್ಕೆ ಹೋಗಿ ಅಂತ ಹೇಳಿ!"

"ಕೆಂಪು ಬಂದಮೇಲೆ ಹೋದರೆ ವಿಮೆ ಇಲ್ಲ. ನಾನು ಹೇಳೋ ಹಾಗಿಲ್ಲ, ಅವರು ಹೋಗೋ ಹಾಗಿಲ್ಲ. ಕೆಂಪನ್ನು ಸುರಕ್ಷತಾ ನಿರ್ದೇಶಕರು ಒಬ್ಬರೇ ತೆಗೆಯಬಹುದು."

ನಿರ್ದೇಶಕರು ಎರಡು ನಿಲ್ದಾಣಗಳ ನಡುವೆ ನಿಂತುಹೋದ ರೈಲಿನಲ್ಲಿದ್ದರು. ಇಲ್ಲಿ ರೈಲಿನಲ್ಲಿ ಫೋನ್ ಸೈಲೆಂಟ್ ಮಾಡಿಟ್ಟುಕೊಳ್ಳುತ್ತಾರೆ, ಮಾತಾಡುವುದಿಲ್ಲ. ಮೆಸೇಜ್ ಹಾಕಿದೆವು, ಓದಿದ ಗುರುತು ಬರಲಿಲ್ಲ. ಆಂಬುಲೆನ್ಸ್‌ಗೂ ನಿಶಿ-ಸಾನ್ ಹೇಳಿಟ್ಟಿದ್ದರು. ಆದರೆ ಅದೂ ಇದೇ ಹಿಮದಲ್ಲೇ ಬರಬೇಕು.

ನಿಯಮವನ್ನು ಎಷ್ಟು ಹೊತ್ತಿನಲ್ಲಿ ಬದಲಿಸಬಹುದು ಎಂದು ನಿಶಿ-ಸಾನ್ ನನ್ನನ್ನು ಕೇಳಿದರು. ಕೋಡ್ ತಿದ್ದಿ, ಪರೀಕ್ಷಿಸಿ, ಮೂವರ ಒಪ್ಪಿಗೆ ಪಡೆದು ಹಾಕಲು ನಾಲ್ಕು ಗಂಟೆ. ಉಸಿರಿಗೆ ಇದ್ದದ್ದು ಎರಡಕ್ಕೂ ಕಡಿಮೆ.

ಆಗ ಬೆಳಿಗ್ಗೆಯಿಂದ ಮೈಕ್ ಮುಚ್ಚಿಕೊಂಡು ಕೂತಿದ್ದ ಹೊಶಿನೋ-ಸಾನ್ ಬಾಯಿ ಬಿಟ್ಟರು.

"ಓಕಾ-ಸಾನ್ ಅವರನ್ನ ಲೈನಿಗೆ ತಗೊಳ್ಳಿ."

ಓಕಾ-ಸಾನ್ ಕಾಗೋಶಿಮಾದವರು. ಅವರ ಊರಲ್ಲಿ ಆಕಾಶದಿಂದ ಬೀಳುವುದು ಜ್ವಾಲಾಮುಖಿಯ ಬೂದಿ. ಹಿಮದ ವಿಷಯದಲ್ಲಿ ಅವರೂ ನಾನೂ ಒಂದೇ ತರಗತಿ.

"ಚೈನ್ ಹಾಕಿದ್ದೀರಾ?" ಹೊಶಿನೋ-ಸಾನ್ ಕೇಳಿದರು.

"ಹಾಕಿದ್ದೇನೆ."

"ಹಿಂದಿನ ಚಕ್ರಕ್ಕೆ ತಾನೇ?"

"ಈಗ ಹೌದು. ಮೊದಲು ಮುಂದಿನದಕ್ಕೆ ಹಾಕಿದ್ದೆ."

"ಅಜ್ಜಿ ಮನೆಗೆ ಹೋಗೋ ದಾರೀಲಿ ಸೇತುವೆ, ಏರು, ಏನಾದರೂ ಇದೆಯಾ?"

"ಇಲ್ಲ. ಸಪಾಟು ರಸ್ತೆ. ಆದರೆ ಆ ಕಡೆ ಹೇಗಿದೆಯೋ ಕಾಣ್ತಿಲ್ಲ. ಸೇತುವೆ ಕಡೆ ಮಾತ್ರ ವಾಹನಗಳು ಸಾಲುಗಟ್ಟಿ ನಿಂತಿವೆ. ಮುಂದಿನ ಟ್ರಕ್ ಅಡ್ಡ ತಿರುಗಿದೆ."

ಆ ಕಡೆ ಎಂದರೆ ನಮ್ಮ ಬಡಾವಣೆಯ ಕಡೆ. ಮನೆಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿದೆ.

"ಶೈಲಾ, ಕಿಟಕಿಯಿಂದ ನೋಡು. ಕೊಂಬಿನಿ ಅಂಗಡಿ ಮುಂದಿನ ರಸ್ತೆ ಹೇಗಿದೆ?"

"ಯಾಕ್ರೀ, ಅಲ್ಲಿಂದಾನೂ ಟೆನ್ಶನ್ನಾ? ಬೆಳ್ಳಗಿದೆ. ಬಸ್ ಹೋಗ್ತಿದೆ, ಎತ್ತಿನಗಾಡಿ ಥರ. ಕೊಂಬಿನಿಲಿ ಬ್ರೆಡ್ ಖಾಲಿ."

"ಬಸ್ ಜಾರ್ತಿದೆಯಾ?"

"ಇಲ್ಲಪ್ಪಾ, ನೆಟ್ಟಗೆ ಹೋಗ್ತಿದೆ. ನೀವು ಮೊದಲು ಟೋಪಿ ಹಾಕ್ಕೊಳ್ಳಿ."

ಟೋಪಿಯೊಂದನ್ನು ಬಿಟ್ಟು ಉಳಿದದ್ದನ್ನು ಜಪಾನೀಸಿನಲ್ಲಿ ವರದಿ ಮಾಡಿದೆ. ಹೊಶಿನೋ-ಸಾನ್ ತಲೆಯಾಡಿಸಿದರು. "ಸೇತುವೆಗೆ ಕೆಳಗಿನಿಂದಲೂ ಗಾಳಿ ಹೊಡೆಯುತ್ತೆ, ಮೊದಲು ಹೆಪ್ಪುಗಟ್ಟೋದು ಅದೇ. ನಿಮ್ಮ ನಿಯಮ ಹನ್ನೊಂದು ಜನರನ್ನು ಅಂಥ ಸೇತುವೆಗಳ ಮೇಲಕ್ಕೇ ಕಳಿಸ್ತಿದೆ. ಉಳಿದವರನ್ನೆಲ್ಲ ಸಪಾಟು ಜಾಗ ನೋಡಿ ಇದ್ದಲ್ಲೇ ನಿಲ್ಲೋಕೆ ಹೇಳಿ. ಓಕಾ-ಸಾನ್ ಮುಂದಕ್ಕೆ ಹೋಗೋದೇ ಕ್ಷೇಮ."

"ಆದರೆ ಕೆಂಪು..." ಎಂದರು ನಿಶಿ-ಸಾನ್.

ಹೊಶಿನೋ-ಸಾನ್ ಕ್ಯಾಮೆರಾ ಮುಂದೆ ತಲೆ ಬಾಗಿಸಿದರು. "ಒಂದು ವಿಷಯ ಒಪ್ಪಿಕೊಳ್ಳಬೇಕು. ಡಿಸೆಂಬರ್‌ನಿಂದ ನಮ್ಮ ಡಿಪೋ ಕೋಬೆಯಲ್ಲಿದೆ."

ಡಿಪೋದ ಸೆಟ್ಟಿಂಗ್ಸ್ ಪುಟದಲ್ಲಿ 'ಹವಾಮಾನ ಕೇಂದ್ರ' ಎಂಬ ಒಂದು ಖಾನೆಯಿತ್ತು. ಡಿಪೋ ಮುಂದೆಂದಾದರೂ ಬೇರೆ ಊರಿಗೆ ಹೋದರೆ ಏನು ಗತಿ ಎಂದು ಹೆದರಿ, ಮುಖ್ಯಸ್ಥರೇ ಅದನ್ನು ಬದಲಿಸುವ ಹಾಗೆ ಇಟ್ಟವನು ನಾನೇ. ಹೊಶಿನೋ-ಸಾನ್ ಚಳಿಗಾಲದ ಮೊದಲ ದಿನವೇ ಅಲ್ಲಿ ಕೋಬೆ ಎಂದು ಆರಿಸಿದ್ದರು. ನಾಗಾವೊಕಾದ ಲಾರಿಗಳು ಮೊಣಕಾಲುದ್ದದ ಹಿಮದಲ್ಲಿ, ಕೋಬೆಯ ಬಿಸಿಲನ್ನು ನಂಬಿಕೊಂಡು, ಒಂದು ಮನೆಯನ್ನೂ ತಪ್ಪಿಸದೆ ಓಡುತ್ತಿದ್ದವು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುರಕ್ಷತಾ ನಿಯಮವೊಂದಕ್ಕೆ ಸುಳ್ಳು ಹೇಳುವುದು ನನ್ನ ಪಟ್ಟಿಯ ನೂರ ಮೂವತ್ತೇಳರಲ್ಲಿ ಇರಲಿಲ್ಲ.

"ಕೋಟೋಗೂ ಕೋಬೆ ಅಂತಲೇ ಹಾಕಿ," ಎಂದೆ. "ನಾನು ಹೇಳಿದೆ ಅಂತ ಬರೆದುಕೊಳ್ಳಿ."

ನಿಶಿ-ಸಾನ್ ಮೊದಲು ಉಳಿದ ಹತ್ತು ಚಾಲಕರಿಗೆ ಫೋನ್ ಮಾಡಿ ನಿಲ್ಲಲು ಹೇಳಿದರು. ಆಮೇಲೆ ಕೋಟೋವನ್ನು ಕೋಬೆಗೆ ಸಾಗಿಸಿದರು. ನಮ್ಮ ವ್ಯವಸ್ಥೆ ಹಿಮದ ಅಳತೆ ಓದುವುದು ಹತ್ತು ನಿಮಿಷಕ್ಕೊಮ್ಮೆ. ಆ ಹತ್ತು ನಿಮಿಷ ನಾನು ಪರದೆಯನ್ನು ನೋಡುತ್ತ ಒಂದು ಪೆನ್ನಿನ ಮುಚ್ಚಳವನ್ನು ಪೂರ್ತಿ ಜಗಿದು ಮುಗಿಸಿದೆ. ಮೂರು ನಲವತ್ತಕ್ಕೆ ಸಾಲು ಬದಲಾಯಿತು: ಬಿಸಿಲು, ಹಿಮ ಸೊನ್ನೆ. ಟ್ಯಾಬ್ಲೆಟ್ ಹಸಿರಾಯಿತು.

ಒಂದೂವರೆ ಕಿಲೋಮೀಟರಿಗೆ ನಲವತ್ತು ನಿಮಿಷ ಹಿಡಿಯಿತು. ನಾಲ್ಕು ಇಪ್ಪತ್ತಕ್ಕೆ ಓಕಾ-ಸಾನ್ ಬಾಗಿಲು ತಟ್ಟಿದರು. ಸಿಲಿಂಡರಿನಲ್ಲಿ ಇನ್ನೂ ನಲವತ್ತು ನಿಮಿಷ ಉಳಿದಿತ್ತು. ಇಷ್ಟು ಹಿಮದಲ್ಲಿ ಬರುವಂತಾಯಿತಲ್ಲ ಎಂದು ಅಜ್ಜಿ ಕ್ಷಮೆ ಕೇಳಿದರಂತೆ. ತಡವಾಯಿತು ಎಂದು ಇವರು ಕ್ಷಮೆ ಕೇಳಿದರಂತೆ. ಯಂತ್ರ ಶುರುವಾದ ಸದ್ದನ್ನು ಫೋನಿನಲ್ಲಿ ನಮಗೆ ಕೇಳಿಸಿದರು. ಹಳೆಯ ಫ್ರಿಜ್ಜಿನಂಥ ಗುರ್ ಎನ್ನುವ ಸದ್ದು. ಅಷ್ಟು ಇಂಪಾದದ್ದನ್ನು ಆ ವರ್ಷ ನಾನು ಬೇರೆ ಕೇಳಲಿಲ್ಲ.

ಮರುದಿನ ವಿಚಾರಣೆಯ ಮೀಟಿಂಗ್. ನಿರ್ದೇಶಕರು ಎರಡು ವಿಷಯ ಕೇಳಿದರು. ಕೋಟೋವನ್ನು ಬದಲಿಸಿದ್ದು ಯಾರ ಮಾತಿನ ಮೇಲೆ? ನನ್ನದು ಎಂದೆ. ನಾಗಾವೊಕಾ ಈ ನಿಯಮವನ್ನು ಒಪ್ಪಿತ್ತಲ್ಲ, ಮತ್ತೆ ಯಾಕೆ ಮೀರಿತು? ಅವರ ಕೈಯಲ್ಲಿ ನನ್ನ ಮಿನಿಟ್ಸ್ ಇತ್ತು. ಹೊಶಿನೋ-ಸಾನ್ ತಲೆ ತಗ್ಗಿಸಿ ಕೂತಿದ್ದರು. ಮೂವತ್ತು ವರ್ಷದ ಸೇವೆಗೆ ಒಂದು ಕಪ್ಪು ಚುಕ್ಕೆ ಹತ್ತುವುದರಲ್ಲಿತ್ತು. ಆ ಸಾಲು ಸುಳ್ಳು ಎಂದೆ. ಅವರು ಆಕ್ಷೇಪಿಸಿದ್ದರು, ನನಗೆ ಅರ್ಥವೂ ಆಗಿತ್ತು, ನಾನು ಬೇರೆ ಬರೆದೆ. ಮಿನಿಟ್ಸ್ ತಿದ್ದಿ ಕಳಿಸಿ ಎಂದರು ನಿರ್ದೇಶಕರು. ನನಗೆ ಲಿಖಿತ ಎಚ್ಚರಿಕೆ ಬಂತು, ಅದನ್ನು ಇಟ್ಟುಕೊಂಡಿದ್ದೇನೆ. ಹೊಶಿನೋ-ಸಾನ್‌ಗೆ ಬರಲಿಲ್ಲ.

ಫೆಬ್ರವರಿ ಪೂರ್ತಿ ಡಿಪೋಗಳನ್ನು ಸುತ್ತಿದೆ. ನಾಗಾವೊಕಾದಲ್ಲಿ ರಸ್ತೆಯ ನಡುವಿನ ಪೈಪುಗಳಿಂದ ಅಂತರ್ಜಲ ಚಿಮ್ಮಿ ಹಿಮ ಕರಗಿಸುತ್ತದೆ. ಅಲ್ಲಿ ಎಷ್ಟು ಬಿದ್ದಿತು ಎನ್ನುವುದು ಮುಖ್ಯವಲ್ಲ, ನೀರು ಬರುತ್ತಿದೆಯೇ ಎನ್ನುವುದು ಮುಖ್ಯ. ಲಾರಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಅದೇ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಕೋಬೆಯಲ್ಲಿ ಬೆಟ್ಟದ ಮಗ್ಗುಲಿಗೆ ಹತ್ತುವ ಬೀದಿಗಳಿವೆ. ಅಲ್ಲಿ ಒಂದು ಸೆಂಟಿಮೀಟರೂ ಹೆಚ್ಚು. ಕೋಟೋಗೆ ಸುತ್ತಲೂ ನದಿ, ಕಾಲುವೆ, ಸೇತುವೆ. ನಿಲ್ಲಿಸುವುದಾದರೆ ಹಿಮ ಬೀಳುವ ಮೊದಲೇ ನಿಲ್ಲಿಸಬೇಕು. ಒಂದು ಅಂಕಿಯ ಜಾಗದಲ್ಲಿ ಈಗ ಮೂರು ಪುಟದ ನಿಯಮವಿದೆ. ವಿನಾಯಿತಿಗಳೇ ಎಲ್ಲ.

ಈ ಪ್ರಕರಣ ನನ್ನ ಚಿಂತೆಯನ್ನು ಕಡಿಮೆ ಮಾಡಿತೆಂದರೆ ಮನೆಯಲ್ಲಿ ನಗುತ್ತಾರೆ. ಆದರೆ ನೂರ ಮೂವತ್ತೇಳು ಚಿಂತೆಗಳನ್ನೂ ನಾನು ಒಬ್ಬನೇ ಕೂತು ಮಾಡಿದ್ದೆ, ಆ ರಸ್ತೆಯಲ್ಲಿ ಓಡಾಡುವ ಒಬ್ಬರನ್ನೂ ಕೇಳಿರಲಿಲ್ಲ ಎಂಬುದು ತಿಳಿಯಿತು. ಕೇಳಿದ ಒಬ್ಬರ ಉತ್ತರವನ್ನೂ ಊಟದ ಅವಸರದಲ್ಲಿ ತಿರುಚಿದ್ದೆ. ಈಗ ಪ್ರತಿ ನವೆಂಬರ್‌ನಲ್ಲಿ ಮೂರೂ ಡಿಪೋಗಳಿಗೆ ನಾನೇ ಫೋನ್ ಮಾಡಿ, ಈ ವರ್ಷ ಏನು ಕಷ್ಟ ಆಗಬಹುದು ಎಂದು ಕೇಳುತ್ತೇನೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ನನಗೆ ಅದೇ ಕಷ್ಟದ ಭಾಗ.

ಕಳೆದ ನವೆಂಬರ್‌ನಲ್ಲಿ ಹೊಶಿನೋ-ಸಾನ್ ಎಂದಿನಂತೆ ತುಂಬ ಹೊತ್ತು ಸುಮ್ಮನಿದ್ದರು. ಲೈನ್ ಕಟ್ಟಾಯಿತೇ ಎಂದು ನಾನು ಆಗಲೇ ಬೆವರಿದ್ದೆ.

"ಪ್ರಸಾದ್-ಸಾನ್," ಎಂದರು ಕೊನೆಗೆ, "ಈ ಸಲ ನಮ್ಮ ಡಿಪೋ ನಾಗಾವೊಕಾದಲ್ಲೇ ಇರುತ್ತೆ."