ತಿರಸ್ಕೃತ ಎಂಬ ಠಸ್ಸೆ

ಹನ್ನೆರಡು ವರ್ಷಗಳಿಂದ ದಿನಕ್ಕೆ ಹತ್ತಾರು ಸಲ ಒಂದು ಪದದ ಠಸ್ಸೆ ಒತ್ತುತ್ತ ಬಂದಿದ್ದೇನೆ, ಅದರ ಅರ್ಥ ಮಾತ್ರ ಮೊನ್ನೆಯವರೆಗೆ ಗೊತ್ತಿರಲಿಲ್ಲ. ನಗಿ, ಪರವಾಗಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳೆದು ನೋಡುವ ಕೆಲಸ ನನ್ನದು. ಕನ್ನಡಾಭಿಮಾನಿಯಾದ ನಮ್ಮ ಮಾಲೀಕರು 'ರಿಜೆಕ್ಟ್' ಠಸ್ಸೆ ಎಸೆದು 'ತಿರಸ್ಕೃತ' ಎಂದು ಮಾಡಿಸಿಕೊಟ್ಟಿದ್ದಾರೆ. ಆ ಠಸ್ಸೆ ಒತ್ತಿದ ಚೀಟಿ ಬಿದ್ದ ಮಾಲು ಕೆಂಪು ಡಬ್ಬಿಗೆ ಹೋಗುತ್ತದೆ.

ಮೊನ್ನೆ ಮಗಳು ಆ ಪದದ ಅರ್ಥ ಕೇಳಿದಳು. "ಬೇಡ ಅನ್ನೋದು ಕಣೆ" ಎಂದೆ. "ಎಲ್ಲಿದೆ ಹಾಗಂತ? ತೋರ್ಸಪ್ಪ" ಎಂದು ನಿಘಂಟನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು. ನೋಡುತ್ತೇನೆ, ಸಂಸ್ಕೃತದ 'ತಿರಸ್' ಎಂದರೆ ಮರೆ. ತಿರಸ್ಕಾರ ಎಂದರೆ ಮೂಲದಲ್ಲಿ ಮರೆಮಾಡುವುದು! ಅದರ ನಂಟಿನ 'ತಿರಸ್ಕರಣಿ' ಒಂದು ಪರದೆ. ಹಳೆಯ ನಾಟಕಗಳಲ್ಲಿ ಅದನ್ನು ಹೊದ್ದವರು ಎದುರಿಗೇ ನಿಂತಿದ್ದರೂ ಕಾಣುವುದಿಲ್ಲವಂತೆ. ನನಗೆ ಮೈ ಜುಮ್ಮೆಂದಿತು. ಈ ಪದ ಕಟ್ಟಿದ ಪುಣ್ಯಾತ್ಮ ಮನುಷ್ಯರನ್ನು ಎಷ್ಟು ಬಲ್ಲವನಿರಬೇಕು! ಬೈಯುವ ಶ್ರಮವನ್ನೂ ನಾವು ತೆಗೆದುಕೊಳ್ಳುವುದಿಲ್ಲ. ಎದುರಿನವರಿಗೆ ಒಂದು ಪರದೆ ಹೊದಿಸಿ, ನಮ್ಮ ಪಾಡಿಗೆ ಕಾಫಿ ಕುಡಿಯುತ್ತೇವೆ.

ಜುಮ್ಮೆನ್ನಲು ಕಾರಣ ಶಾಂತವ್ವ. ಬಾಗಲಕೋಟೆ ಕಡೆಯಿಂದ ಬಂದು ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಹೆಂಗಸು. ನನ್ನ ಮೇಜಿನ ಪಕ್ಕದ ಮೆಷಿನ್ನಿನಲ್ಲಿ ಉಕ್ಕಿನ ಸರಳುಗಳನ್ನು ಉಜ್ಜಿ ಅಳತೆಗೆ ತರುತ್ತಾಳೆ. ಹೊಸಬರಿಗೆ ಮೂರನೇ ತಿರಸ್ಕೃತ ಚೀಟಿ ಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ. ಅವಳಿಗೆ ಎರಡು ಬಿದ್ದಿದ್ದವು. ಎರಡೂ ಸಲ ಏನೋ ಹೇಳಲು ಬಂದಿದ್ದಳು. ನಾನು ಕ್ಯಾರೇ ಅಂದಿರಲಿಲ್ಲ.

ನಿಘಂಟು ನೋಡಿದ ಮರುದಿನ ಅವಳ ಮೆಷಿನ್ನಿನಿಂದ ಇಳಿದ ಸರಳುಗಳು ನೇರ ನನ್ನ ಕೈಗೆ ಬಂದವು. ಬಳೆಯಂಥ ಗೇಜು ಅವುಗಳ ಮೇಲೆ ಜಾರಲಿಲ್ಲ. ದಪ್ಪ ಜಾಸ್ತಿ. ಕೈ ತಾನಾಗಿ ಠಸ್ಸೆಗೆ ಹೋಯಿತು. ಎದುರಿಗೆ ಶಾಂತವ್ವ ನಿಂತಿದ್ದಳು. ಹಾಳಾದ ಪರದೆ ನೆನಪಾಯಿತು.

"ಏನಮ್ಮಾ?" ಎಂದೆ.

ಅವಳು ಒಂದು ಸರಳನ್ನು ತನ್ನ ಮುಂಗೈಗೆ ಒತ್ತಿ ಹಿಡಿದಳು. "ಈಗರ ಇಳದೈತ್ರಿ ಸರ, ಇನ್ನಾ ಬಿಸಿ ಐತಿ. ಬಿಸಿ ಇದ್ದಾಗ ಉಬ್ಬಿರತೈತಿ. ಒಂದ್ ಚಾ ಕುಡಿಯೂತನಕ ತಡದು ಅಳೀರಿ."

ಕಾದ ಲೋಹ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಬರೆದು ಪೂರ್ತಿ ಅಂಕ ಹೊಡೆದವನು ನಾನು! ಚಹಾ ಕುಡಿದು ಬಂದೆ. ಗೇಜು ಒಂದೊಂದರ ಮೇಲೂ ಸಲೀಸಾಗಿ ಜಾರಿತು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ. ನನ್ನ ಗೇಜಿಗೆ ತಿಳಿಯದ ಅದರ ಕಾರಣ ಆ ಮುಂಗೈಗೆ ತಿಳಿದಿತ್ತು. ನಾನು ಬೆಪ್ಪಾಗಿ ಆ ಕೈಯನ್ನೇ ನೋಡಿದೆ. ದೇವರೇ, ಎಂಥ ಕೈ!

ಕೆಂಪು ಡಬ್ಬಿಯಲ್ಲಿದ್ದ ಅವಳ ಹಳೆಯ ಸರಳುಗಳನ್ನೂ ತೆಗೆದು ಅಳೆದೆ. ಎಲ್ಲವೂ ಸರಿ ಇದ್ದವು. ಎರಡೂ ಚೀಟಿಗಳನ್ನು ಅವಳೆದುರೇ ಹರಿದು, "ತಪ್ಪಾಯ್ತಮ್ಮ. ಆಗ್ಲೇ ಸ್ವಲ್ಪ ಜೋರಾಗಿ ಹೇಳ್ಬಾರ್ದಿತ್ತಾ?" ಎಂದೆ. ಕ್ಷಮೆ ಕೇಳುವಾಗಲೂ ತಪ್ಪನ್ನು ಅವಳ ಕಡೆಗೆ ತಳ್ಳುವ ನನ್ನ ಜಾಣತನ ನೋಡಿ!

ಶಾಂತವ್ವ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ನನಗಿಂತ ಮೊದಲ ಈ ಮಶೀನ್ ಮ್ಯಾಲ ಇದ್ದಾಕಿಗೂ ಮೂರು ಚೀಟಿ ಬಿದ್ದಿದ್ವಂತಲ್ರೀ ಸರ?"

ಮೂರಕ್ಕೂ ಸಹಿ ಹಾಕಿದವನು ನಾನೇ. ಎಷ್ಟು ತಿಣುಕಿದರೂ ಆಕೆಯ ಮುಖ ನೆನಪಿಗೆ ಬರುತ್ತಿಲ್ಲ. ಹೆಸರಾದರೂ ಸಿಗಲಿ, ಹುಡುಕಿ ಕರೆಸೋಣ ಎಂದು ಹಳೆಯ ಹಾಜರಿ ಪುಸ್ತಕ ತರಿಸಿಕೊಂಡು ಕೂತಿದ್ದೇನೆ.